ಬೀರಪ್ಪ ಬರುವ ಮೊದಲೇ

ಅಮಾವಾಸ್ಯೆಗೊಮ್ಮೆ ನಾರಾಯಣಖೇಡದ ಬಸ್ಸು ಊರ ಕ್ರಾಸಿನಲ್ಲಿ ಇಳಿಸಿ ಮುಂದೆ ಹೋದ ಮೇಲೆ ಬಂಡೆಪ್ಪ ಹಿಂದೆ ಮುಂದೆ ನೋಡಿ ರಸ್ತೆಯ ಮೋರಿಯ ಕೆಳಗೆ ಇಳಿಯುತ್ತಿದ್ದ. ಐವತ್ತೆರಡು ವರ್ಷದ ಗಂಡಸು, ಮೊಮ್ಮಕ್ಕಳನ್ನು ಕಂಡವನು, ಅಲ್ಲಿ ಕಳ್ಳನ ಹಾಗೆ ಕುಕ್ಕರಗಾಲಲ್ಲಿ ಕೂತು ಕರಿ ಬೂಟು ಬಿಚ್ಚುತ್ತಿದ್ದ. ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಟ್ಟೆಗಂಟಿನ ತಳಕ್ಕೆ ತುರುಕಿ, ಟೋಪಿಯೊಳಗಿನ ಜಡೆ ಬಿಚ್ಚಿ ಬೆನ್ನ ಮೇಲೆ ಬಿಟ್ಟು, ಹಣೆಗೆ ಅರಿಸಿನದ ಭಂಡಾರ ಬಳಿದುಕೊಂಡು, ಹೆಗಲಿಗೆ ಕಂಬಳಿ ಹಾಕಿ ಮೇಲೆ ಬರುತ್ತಿದ್ದ. ಮೋರಿಗೆ ಇಳಿದವನು ಝಹೀರಾಬಾದಿನ ವಾಚ್‌ಮನ್, ಏರಿದವನು ಬೀರಪ್ಪನ ಪೂಜಾರಿ. ಅಲ್ಲಿಂದ ಊರಿಗೆ ಎರಡು ಮೈಲಿ ಬರಿಗಾಲು. ಹಿಂದೆ ಮುಳ್ಳು ತುಳಿದರೂ ಗೊತ್ತಾಗದ ಅಂಗಾಲು ಈಗ ಸಣ್ಣ ಹರಳು ಚುಚ್ಚಿದರೂ ಉಯ್ಯೋ ಅನ್ನುತ್ತಿತ್ತು. ಅದಕ್ಕೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುತ್ತಿತ್ತು.

ನಾಗಲಗಿದ್ದದ ಆಚೆಗಿನ ಆ ಊರಿನ ಕುರುಬರಲ್ಲಿ ಬೀರಪ್ಪನ ಪೂಜಾರಿಕೆಗೆ ಒಂದು ಕಟ್ಟಳೆ ಇದೆ. ದೇವರು ಪೂಜಾರಿಯ ಮೈಮೇಲೆ ಬರುವುದು ಅಂಗಾಲಿನಿಂದ. ಕುರಿಗಳ ಹಿಂದೆ ನೆಲ ಸುತ್ತಿದ ದೇವರು, ನೆಲದಿಂದಲೇ ಏರುತ್ತಾನೆ ಎಂದು ಹಿರಿಯರು ಹೇಳಿಟ್ಟಿದ್ದಾರೆ. ಆದ್ದರಿಂದ ದೇವರ ಬೆತ್ತ ಹಿಡಿದವನ ಕಾಲಿಗೂ ಮಣ್ಣಿಗೂ ನಡುವೆ ಚರ್ಮ ಬರಬಾರದು, ತಲೆಗೆ ಕತ್ತರಿ ಮುಟ್ಟಬಾರದು. ಬಂಡೆಪ್ಪನ ಅಪ್ಪ ಸತ್ತಾಗ ಊರ ಹೆಂಗಸರು ಹೆಣದ ಮುಖ ನೋಡುವ ಮೊದಲು ಅಂಗಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿದ್ದರು. ಆ ದಿನ ಬೆತ್ತ ಹಿಡಿದ ಬಂಡೆಪ್ಪ ಇಪ್ಪತ್ತಾರು ವರ್ಷ ಕಾಲಿಗೆ ಏನೂ ಹಾಕಲಿಲ್ಲ. ಮಗಳು ಪೂರ್ಣಿಮಾಳನ್ನು ಕೊಡಂಗಲಿಗೆ ಕೊಟ್ಟಾಗ, ಬೇಸಿಗೆಯ ಡಾಂಬರಿನ ಮೇಲೆ, ಬೀಗರ ಮುಂದೆ, ಕುಣಿಯುತ್ತ ಕುಣಿಯುತ್ತ ನಡೆದಿದ್ದ.

ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಹೇಳಿದವರು ಪೂಜಾರಿಯ ಅಡುಗೆಮನೆ ನೋಡಿದವರಲ್ಲ. ಇಲ್ಲಿ ದೇವರೂ ಕೊಡುತ್ತಿದ್ದ, ಪೂಜಾರಿಯೂ ಕೊಡುತ್ತಿದ್ದ. ಕೈ ಬಿಗಿ ಹಿಡಿದದ್ದು ಊರು. ಮೊದಲೆಲ್ಲ ಸುಗ್ಗಿಯಲ್ಲಿ ಮನೆ ಮನೆಯಿಂದ ಜೋಳ, ತೊಗರಿ ಬರುತ್ತಿತ್ತು. ಅದಕ್ಕೆ ಆಯ ಎನ್ನುತ್ತಿದ್ದರು. ಆಮೇಲೆ ಹೊಲಗಳಿಗೆ ಹತ್ತಿ ಬಂತು. ಬಂಡೆಪ್ಪ ಜೋಳಿಗೆ ಹಿಡಿದು ನಿಂತರೆ ಜನ ನಗುತ್ತಿದ್ದರು: "ಹತ್ತಿಯೊಳಗ ಆಯ ಹೆಂಗ ಕೊಡಬೇಕೋ ತಮ್ಮಾ?" ಎಂದು ಒಂದು ಹಿಡಿ ಹತ್ತಿ ತಂದು, ದೇವರ ದೀಪಕ್ಕೆ ಬತ್ತಿ ಹೊಸೆಯಲಿಕ್ಕೆ, ಜೋಳಿಗೆಗೆ ಹಾಕಿ ಕೈಮುಗಿಯುತ್ತಿದ್ದರು. ಗುಡಿಯಲ್ಲಿ ಬತ್ತಿಗೆ ಬರವಿರಲಿಲ್ಲ.

ಮನೆಯಲ್ಲಿದ್ದ ಮೂವತ್ತು ಕುರಿಗಳನ್ನು ಮೇಯಿಸಿಕೊಂಡಾದರೂ ಬದುಕಬಹುದಿತ್ತು. ಊರ ಹುಲ್ಲುಗಾವಲು ಗಾಯರಾಣದಲ್ಲಿ ಸೋಲಾರಿನ ತಗಡು ನೆಟ್ಟು ಬೇಲಿ ಹಾಕಿದರು, ಕುರಿ ಹೋದವು. ಯಾರೋ ಹೇಳಿದರೆಂದು ಸರ್ಕಾರದ ಗೌರವಧನ ಕೇಳಲು ಹೋದರೆ, ಕಚೇರಿಯಲ್ಲಿದ್ದವನು ಸಭ್ಯವಾಗಿಯೇ ಯಾವ ಆಗಮ ಓದಿದ್ದೀಯಪ್ಪ ಎಂದು ಕೇಳಿದ. ಬಂಡೆಪ್ಪ ತನ್ನ ಅಂಗಾಲು ನೋಡಿಕೊಂಡ. ತೋರಿಸಲಿಕ್ಕೆ ಅವನ ಹತ್ತಿರ ಇದ್ದ ಓದು ಅದೊಂದೇ.

ಕೂಲಿಗಾದರೂ ಹೋಗೋಣವೆಂದರೆ ಊರಿನ ಭಕ್ತಿ ಅಡ್ಡ ಬಂತು. ಊರ ಕುರುಬರ ಹಿರಿಯ ಸಾಯಪ್ಪ ಮುತ್ಯಾ, ಹನ್ನೆರಡು ಎಕರೆ ಹತ್ತಿಯ ಒಡೆಯ, ಎರಡೂ ಕೆನ್ನೆ ಬಡಿದುಕೊಂಡ. "ಅಮಾಸಿಗಿ ನಿನ್ನ ಕಾಲಿಗಿ ಬೀಳೋರು ನಾವು. ನಿನಗ ಕಳೆ ತಗೀಲಾಕ ಕರದ್ರ ನಮಗ ಪಾಪ ಹತ್ತತದ, ಪೂಜಾರಿ." ಅದೇ ಹೊಲಕ್ಕೆ ಪೂಜಾರಿಯ ಹೆಂಡತಿ ಮಾಳಮ್ಮ ದಿನಾ ಕಳೆ ತೆಗೆಯಲು ಹೋಗುತ್ತಿದ್ದಳು. ಅದರಿಂದ ಯಾರಿಗೂ ಪಾಪ ಹತ್ತಿರಲಿಲ್ಲ.

ಕೊನೆಗೆ ದೀಪಾವಳಿ ಮುಗಿದ ಮೇಲೆ ಬಂಡೆಪ್ಪ ಝಹೀರಾಬಾದಿಗೆ ಹೋದ. ಹೈವೇ ಪಕ್ಕದ ಒಂದು ಟೈಲ್ಸ್ ಗೋದಾಮಿನಲ್ಲಿ ಗೇಟು ಕಾಯುವ ಕೆಲಸ. ಅಲ್ಲಿನ ಸೂಪರ್‌ವೈಸರ್ ಸುಮನ್ ಎಂಬ ಹುಡುಗ, ಮಗನ ವಯಸ್ಸಿನವನು, ಇವನನ್ನು ತಲೆಯಿಂದ ಕಾಲಿನವರೆಗೆ ನೋಡಿ ಕಾಲಿನ ಹತ್ತಿರ ನಿಂತ.

"ಕೂದಲ ಟೋಪಿ ಒಳಗ ತುರುಕು, ಅದಕ ನಾ ಏನೂ ಅನ್ನಲ್ಲ. ಬೂಟ್ ಮಾತ್ರ ಬೇಕೇ ಬೇಕು. ಸೇಠ್ ಕಾರಿನಾಗ ಕೂತಲ್ಲಿಂದನೇ ಮೊದಲ ಕಾಲು ನೋಡ್ತಾನ."

"ನಾ ಬೀರಪ್ಪನ ಪೂಜಾರಿ ಇದ್ದೀನ್ರಿ ಸಾಹೇಬ್ರ. ಕಾಲಿಗಿ ಹಾಕಂಗಿಲ್ಲ."

"ಗುಡ್ಯಾಗ ಹಾಕಬ್ಯಾಡ. ಗೋದಾಮಿಗಿ ಯಾವ ದೇವರು ಬರ್ತಾನ?"

ಬಂಡೆಪ್ಪ ಒಂದು ದಿನ ಯೋಚಿಸಿದ. ಮಾಳಮ್ಮನಿಗೆ ಫೋನು ಮಾಡಿದ. ಅವಳು ಹೇಳಿದಳು: "ಹಾಕ್ಕೋರಿ. ಹೊಟ್ಟಿ ಕೇಳೋ ಮುಂದ ಕಾಲು ಏನ್ ಮಾತಾಡ್ತದ?" ಹೀಗೆ ಹಾವೂ ಸಾಯದೆ ಕೋಲೂ ಮುರಿಯದೆ, ತಿಂಗಳ ಇಪ್ಪತ್ತೊಂಬತ್ತು ದಿನ ಬೂಟು, ಅಮಾವಾಸ್ಯೆಗೆ ಒಂದು ದಿನ ರಜೆ ಮತ್ತು ಬರಿಗಾಲು ಎಂಬ ಏರ್ಪಾಡು ಆಯಿತು.

ಮೊದಲ ಅಮಾವಾಸ್ಯೆಗೆ ಅವನು ಅಂಜುತ್ತಲೇ ಗುಡಿಯ ಮುಂದೆ ನಿಂತ. ಮಧ್ಯಾಹ್ನ, ಡೊಳ್ಳು ಹೊಡೆಯುತ್ತಿದ್ದರು. ದೇವರು ಬರುವುದು ಬಂಡೆಪ್ಪನಿಗೆ ಮೈಗೆ ಗೊತ್ತಿದ್ದ ಸಂಗತಿ. ಮೊದಲು ಅಂಗಾಲು ಬಿಸಿಯಾಗುತ್ತಿತ್ತು, ಬಿಸಿಲಿಗೆ ಕಾದ ಬಂಡೆಯ ಮೇಲೆ ನಿಂತ ಹಾಗೆ. ಆ ಬಿಸಿ ಮೊಣಕಾಲಿಗೆ, ಹೊಕ್ಕುಳಿಗೆ, ಗಂಟಲಿಗೆ ಏರುತ್ತಿತ್ತು. ಗಂಟಲು ದಾಟಿದ ಮೇಲೆ ಏನಾಗುತ್ತಿತ್ತೋ ಅವನಿಗೆ ಗೊತ್ತಿಲ್ಲ. ಎಚ್ಚರವಾದಾಗ ಕಂಬಳಿಯ ಮೇಲೆ ಬಿದ್ದಿರುತ್ತಿದ್ದ. ಜನ ಏನು ಕೇಳಿದರು, ದೇವರು ಏನು ಹೇಳಿದ, ಒಂದೂ ನೆನಪಿರುತ್ತಿರಲಿಲ್ಲ. ಸಂಜೆ ಮಾಳಮ್ಮ ರೊಟ್ಟಿ ಬಡಿಯುತ್ತ ಒಂದೊಂದಾಗಿ ಹೇಳುತ್ತಿದ್ದಳು. ಊರಿನ ಗುಟ್ಟುಗಳೆಲ್ಲ ಅವನ ಬಾಯಿಂದಲೇ ಹೊರಬಿದ್ದು ಹೆಂಡತಿಯ ಬಾಯಿಂದ ಅವನ ಕಿವಿಗೆ ಬರುತ್ತಿದ್ದವು. ಇಪ್ಪತ್ತಾರು ವರ್ಷ ಗಂಡಹೆಂಡಿರ ನಡುವಿನ ದೊಡ್ಡ ಸುಖ ಅದೇ ಆಗಿತ್ತು.

ಆ ಮೊದಲ ಅಮಾವಾಸ್ಯೆಗೂ ಬೀರಪ್ಪ ಬಂದ. ಬೂಟಿನಲ್ಲಿ ಬೆವತು ಮೆತ್ತಗಾದ ಅಂಗಾಲಿನಿಂದಲೇ ಏರಿ ಬಂದ. ಎಳ್ಳ ಅಮಾವಾಸ್ಯೆಗೆ ಬಂದ, ಅದರ ಮುಂದಿನದಕ್ಕೂ, ಅದರ ಮುಂದಿನದಕ್ಕೂ ಬಂದ. ಬಂಡೆಪ್ಪ ಗುಡಿಯ ಹಿಂದೆ ಹೋಗಿ ಒಬ್ಬನೇ ಅತ್ತ. ಊರಿಗೆ ತಿಳಿಯದ ತನ್ನ ಹೊಟ್ಟೆಯ ಕಷ್ಟ ದೇವರಿಗೆ ತಿಳಿದಿದೆ ಎಂದು ಅವನಿಗೆ ಅನ್ನಿಸಿತು.

ಆದರೆ ಊರಿನ ಬಾಯಿಗೆ ಬೀಗ ಹಾಕಲಿಕ್ಕೆ ದೇವರಿಂದಲೂ ಆಗುವುದಿಲ್ಲ. ಬಂಡೆಪ್ಪನ ಅಣ್ಣನ ಮಗ ಮೌನೇಶ, ಕುರಿ ವ್ಯಾಪಾರ ಮಾಡುವವನು, ಶಿವರಾತ್ರಿ ಆದ ಮುಂದಿನ ವಾರ ಝಹೀರಾಬಾದಿನ ಸಂತೆಗೆ ಲಾರಿಯಲ್ಲಿ ಕುರಿ ಹಾಕಿಕೊಂಡು ಹೋದವನು ಗೋದಾಮಿನ ಗೇಟಿನಲ್ಲಿ ಕಾಕಾನನ್ನು ಕಂಡ. ಮಾತಾಡಿಸಲಿಲ್ಲ. ಲಾರಿಯ ಕಿಟಕಿಯಿಂದ ಒಂದು ಫೋಟೋ ಹೊಡೆದ. ಬೆತ್ತ ಹಿರಿಯನ ಮಗನಾದ ತನಗೆ ಬರಬೇಕಿತ್ತು ಎಂಬ ಹುಳಿ ಅವನ ಹೊಟ್ಟೆಯಲ್ಲಿ ಮೊದಲಿನಿಂದ ಇತ್ತು. ಸಂಜೆಯ ಹೊತ್ತಿಗೆ ಬೀರಪ್ಪನ ಪೂಜಾರಿ ಕರಿ ಬೂಟು ಹಾಕಿಕೊಂಡು ಕಬ್ಬಿಣದ ಸ್ಟೂಲಿನ ಮೇಲೆ ಕಾಲು ಚಾಚಿ ಕೂತ ಚಿತ್ರ ಊರಿನ ಎಲ್ಲ ಮೊಬೈಲುಗಳಲ್ಲೂ ಇತ್ತು. ಹತ್ತಿಯ ಹಣದಲ್ಲಿ ಕೊಂಡ ಮೊಬೈಲುಗಳು.

ಯುಗಾದಿಯ ಅಮಾವಾಸ್ಯೆಗೆ ಊರಿಗೆ ಬಂದಾಗ ಗುಡಿಯ ಮುಂದೆ ಜನ ಆಗಲೇ ಸೇರಿದ್ದರು. ಯಾರೂ ನಮಸ್ಕಾರ ಮಾಡಲಿಲ್ಲ. ಸಾಯಪ್ಪ ಮುತ್ಯಾ ಕಟ್ಟೆಯ ಮೇಲೆ ಕೂತಿದ್ದ.

"ಫೋಟೋ ಖರೇ ಅದೇನು ಪೂಜಾರಿ?"

"ಖರೇ ಅದ ಮುತ್ಯಾ. ಹೊಟ್ಟಿಗಿ ಹಾಕ್ಕೊಂಡೀನಿ."

"ಹೊಟ್ಟಿಗಿ ಹಾಕ್ಕೊಂಡಿ ಅಂತ," ಮೌನೇಶ ಎಲ್ಲರ ಕಡೆ ತಿರುಗಿ ನಕ್ಕ, "ಕಾಲಾಗ ಕಾಣ್ತದಲ್ಲೋ ಕಾಕಾ! ನಿಮ್ಮಪ್ಪನ ಕಾಲು ಮುಟ್ಟಿ ಊರ ಮಂದಿ ಕಣ್ಣಿಗಿ ಒತ್ಗೊಂಡಾರ. ನಿನ್ನ ಬೂಟಿಗಿ ಒತ್ಗೋಬೇಕೇನು? ಬೆತ್ತ ಕೆಳಗ ಇಡು."

ಕೆಲವರು ಹೌದೌದು ಎಂದರು. ಕೆಲವರು ನೆಲ ನೋಡಿದರು. ಆಯ ಕೊಡದವರೇ ಜೋರಾಗಿ ಹೌದೌದು ಎಂದದ್ದು. ಮಾಳಮ್ಮ ಹೆಂಗಸರ ನಡುವಿನಿಂದ ಎದ್ದು ಏನೋ ಹೇಳಲು ಹೋದಳು, ಪಕ್ಕದವರು ಸೆರಗು ಹಿಡಿದು ಕೂರಿಸಿದರು. ಸಾಯಪ್ಪ ಮುತ್ಯಾ ಕೈ ಎತ್ತಿದ.

"ಮನುಷ್ಯಾರು ಮಾಡೋ ತೀರ್ಪು ಅಲ್ಲ ಇದು. ಕಾಲು ಬೀರಪ್ಪಂದು, ಬೆತ್ತ ಬೀರಪ್ಪಂದು. ಬೀರಪ್ಪಗೇ ಕೇಳಾಮ್. ಪೂಜಾರಿ ನಿಲ್ಲಲಿ, ದೇವರು ಬರಲಿ. ತಪ್ಪ್ಯಾನ ಅಂದ್ರ ತಪ್ಪ್ಯಾನ. ಇಲ್ಲ ಅಂದ್ರ ಇಲ್ಲ."

"ದೇವರು ಬರೋದು ಇವನ ಬಾಯಾಗೇ ಅಲ್ಲೇನು?" ಮೌನೇಶ ಕೂಗಿದ. "ಕಳ್ಳನ ಕೈಯಾಗ ಕೀಲಿ ಕೊಟ್ಟಂಗ ಆತು!"

ಮುತ್ಯಾ ಕಟ್ಟೆಯಿಂದ ಎದ್ದು ನಿಂತ. "ಹಂಗಂದ್ರ ಇಷ್ಟು ವರ್ಷ ಬಂದಾವ ಯಾರೋ? ನಿನ್ನ ಲಗ್ನಕ್ಕ ಹೂಂ ಅಂದಾವ ಯಾರು? ನಮ್ಮ ಹೊಲದಾಗ ಇಲ್ಲೇ ಬೋರ್ ಕೊರೀರಿ ಅಂದಾವ ಯಾರು?"

ಆ ಬಾಯಿಯನ್ನು ಸುಳ್ಳೆಂದರೆ ಊರಿನ ಅರ್ಧ ಮದುವೆಗಳು, ಬಾವಿಗಳು, ಅಣ್ಣತಮ್ಮಂದಿರ ಪಾಲುಗಳು ಎಲ್ಲ ಸುಳ್ಳಾಗುತ್ತಿದ್ದವು. ಮೌನೇಶನೂ ಪಕ್ಕಕ್ಕೆ ಸರಿದ.

ಡೊಳ್ಳು ಶುರುವಾಯಿತು. ಬಂಡೆಪ್ಪ ಬೆತ್ತ ಹಿಡಿದು ಕಣ್ಣು ಮುಚ್ಚಿ ನಿಂತ. ಮೊದಲ ಸುತ್ತು ಮುಗಿಯಿತು. ಸಾಧಾರಣವಾಗಿ ಎರಡನೇ ಸುತ್ತಿನಲ್ಲಿ ಅಂಗಾಲು ಬಿಸಿಯಾಗಬೇಕು, ಆಗಲಿಲ್ಲ. ಮೂರನೇ ಸುತ್ತು. ನೆಲ ತಣ್ಣಗಿತ್ತು. ಹಿಂದೆಯೂ ಒಂದೆರಡು ಸಲ ಬೀರಪ್ಪ ತಡಮಾಡಿ ಬಂದದ್ದುಂಟು, ಆಗೆಲ್ಲ ಬಂಡೆಪ್ಪ ಸುಮ್ಮನೆ ಕಾಯುತ್ತಿದ್ದ. ಆದರೆ ಈವರೆಗೆ ದೇವರು ಏನು ಹೇಳುತ್ತಾನೆ ಎಂಬ ಹೆದರಿಕೆ ಅವನಿಗೆ ಯಾವತ್ತೂ ಇರಲಿಲ್ಲ. ಹೇಳುವಾಗ ಅವನು ಅಲ್ಲಿರುತ್ತಲೇ ಇರಲಿಲ್ಲವಲ್ಲ. ಇವತ್ತು ಹೆದರಿಕೆಯಾಯಿತು. ದೇವರು ಬಂದು, ಇವನು ತಪ್ಪಿದ್ದಾನೆ, ಬೆತ್ತ ಕಸಿದುಕೊಳ್ಳಿ ಎಂದರೆ? ತನ್ನ ಬಾಯಿಂದಲೇ ತನ್ನನ್ನು ಹೊರಗೆ ಹಾಕಿದರೆ? ಎಚ್ಚರವಾಗುವ ಹೊತ್ತಿಗೆ ಬೆತ್ತ ಮೌನೇಶನ ಕೈಯಲ್ಲಿರುತ್ತದೆ, ತಾನು ಬರೀ ವಾಚ್‌ಮನ್ ಆಗಿರುತ್ತೇನೆ, ಅಪ್ಪನ ಅಂಗಾಲನ್ನು ಕಣ್ಣಿಗೆ ಒತ್ತಿಕೊಂಡ ಊರಿನಲ್ಲಿ ತನ್ನ ಹೆಣಕ್ಕೆ ನಾಲ್ಕು ಜನ ಸೇರುವುದಿಲ್ಲ. ಕೈ ನಡುಗಿತು. ಆ ನಡುಕ ನೋಡಿ ಯಾರೋ "ಬಂದ, ಬಂದ!" ಎಂದರು.

ಬಂಡೆಪ್ಪ ಆ ನಡುಕವನ್ನು ನಿಲ್ಲಿಸಲಿಲ್ಲ. ಜೋರು ಮಾಡಿದ. ಬೆತ್ತವನ್ನು ನೆಲಕ್ಕೆ ಹೊಡೆದು ಗಂಟಲು ದಪ್ಪ ಮಾಡಿ ಕೂಗಿದ:

"ಏ ಮಕ್ಕಳ್ಯಾ! ಕಾಲು ಯಾರದು? ನಂದು! ನನ್ನ ಕಾಲಿಗಿ ನಾ ಏನ್ ಬೇಕಾದ್ರೂ ಹಾಕ್ಕೋತೀನಿ. ಕೂಳು ಹಾಕಲಾರದ ಕೈ ಬೆತ್ತಕ್ಕ ಯಾಕ ಚಾಚ್ತದ? ಇದು ಇವನ ಕೈಯಾಗೇ ಇರ್ತದ. ಮುಟ್ಟಿದಾವನ ಮನಿ ದೀಪ ಆರ್ತದ!"

ಮಾತು ಬಹಳ ಚೆನ್ನಾಗಿತ್ತು. ಬೀರಪ್ಪ ಯಾವತ್ತೂ ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ನಿಜವಾದ ಬೀರಪ್ಪ ಎರಡೇ ಮಾತು ಆಡುವವನು, ಅದರಲ್ಲೂ ಒಂದು ಅರ್ಥವಾಗುತ್ತಿತ್ತು, ಇನ್ನೊಂದಕ್ಕೆ ಜನ ತಿಂಗಳುಗಟ್ಟಲೆ ತಲೆ ಕೆರೆದುಕೊಳ್ಳುತ್ತಿದ್ದರು. ಆದರೆ ಇದನ್ನು ಯಾರೂ ಗಮನಿಸಲಿಲ್ಲ. ಜನ ಧಡಧಡ ಕಾಲಿಗೆ ಬಿದ್ದರು. ಸಾಯಪ್ಪ ಮುತ್ಯಾ ಮಗುವಿನಂತೆ ಅತ್ತ. ಮೌನೇಶ ಬಿಳಚಿಕೊಂಡ ಮುಖದಲ್ಲಿ ಬಂದು ಉದ್ದಕ್ಕೆ ಮಲಗಿ, ಕಾಕಾನ ಕಾಲಿಗೆ ಹಣೆ ಒತ್ತಿದ.

ಆಗ, ಎಲ್ಲ ಹೇಳಿ ಮುಗಿಸಿದ ಮೇಲೆ, ಬಂಡೆಪ್ಪನ ಅಂಗಾಲು ಬಿಸಿಯಾಯಿತು.

ಅದು ಹೌದೋ ಅಲ್ಲವೋ ಎಂಬ ಅನುಮಾನವೇ ಇರಲಿಲ್ಲ. ಕಾದ ಬಂಡೆಯ ಅದೇ ಬಿಸಿ. ಮೆಲ್ಲಗೆ ಮೀನಖಂಡಕ್ಕೆ ಏರಿತು, ಮೊಣಕಾಲಿನವರೆಗೆ ಬಂತು, ಅಲ್ಲಿ ಒಂದು ಕ್ಷಣ ನಿಂತಿತು. ಮನೆಯೊಳಗೆ ಬೇರೆಯವರ ದನಿ ಕೇಳಿದ ನೆಂಟ ಹೊಸ್ತಿಲಲ್ಲೇ ನಿಂತ ಹಾಗೆ. ಆಮೇಲೆ ಇಳಿಯಿತು. ಇಳಿದು ನೆಲಕ್ಕೆ ಹೋಯಿತು. ಬಂಡೆಪ್ಪ ಕಂಬಳಿಯ ಮೇಲೆ ಬಿದ್ದ, ಬೀಳಬೇಕಾಗಿತ್ತೆಂದು ಬಿದ್ದ. ಕಣ್ಣು ಮುಚ್ಚಿಕೊಂಡು ಜನರ ಜಯಕಾರವನ್ನು ಪೂರ್ತಿ ಕೇಳಿಸಿಕೊಂಡ.

ಆ ಸಂಜೆ ಮಾಳಮ್ಮನ ಸಂಭ್ರಮ ಹೇಳತೀರದು. "ಏನ್ ಅಂದ ಗೊತ್ತೇನ್ರಿ ಬೀರಪ್ಪ? ಕೂಳು ಹಾಕಲಾರದ ಕೈ ಬೆತ್ತಕ್ಕ ಯಾಕ ಚಾಚ್ತದ ಅಂದ! ಮುತ್ಯಾನ ಮಾರಿ ನೋಡಬೇಕಿತ್ತು ನೀವು!" ಬಂಡೆಪ್ಪ ತಾನೇ ಆಡಿದ ಮಾತನ್ನು ಬಾಯಿ ತೆರೆದು ಕೇಳುತ್ತ "ಹೌದಾ? ಹಂಗಂದ್ನಾ?" ಎನ್ನುತ್ತಿದ್ದ. ಹೆಂಡತಿಗೆ ಅವನು ಹೇಳಿದ ಮೊದಲ ಸುಳ್ಳು ಅದು.

ಊರು ದೇವರ ಮಾತಿನಲ್ಲಿ ಬೈಗುಳ ಬಿಟ್ಟು ಅನುಕೂಲವನ್ನು ಆರಿಸಿಕೊಂಡಿತು. ಬೂಟಿಗೆ ದೇವರೇ ಒಪ್ಪಿದ್ದಾನೆ, ಅಂದರೆ ನೌಕರಿ ದೇವರೇ ಕೊಟ್ಟದ್ದು, ಅಂದ ಮೇಲೆ ಆಯ ಯಾಕೆ ಎಂದು ಮುತ್ಯಾ ತಿಳಿಸಿ ಹೇಳಿದ. ಅಲ್ಲಿಗೆ ಬತ್ತಿಯ ಹತ್ತಿಯೂ ನಿಂತಿತು.

ಆದರೆ ಭಕ್ತಿ ಹೆಚ್ಚಿತು. ಯಾರೋ ತೆಗೆದ ವಿಡಿಯೋ ದೌಲತಾಬಾದಿನವರೆಗೂ ಹೋಗಿ, ಅಮಾವಾಸ್ಯೆಗೆ ಹೊರಗಿನ ಊರುಗಳಿಂದ ಜೀಪು ಬರತೊಡಗಿದವು. ತನ್ನ ಪೂಜಾರಿಯ ತೀರ್ಪನ್ನು ತಾನೇ ನುಡಿದ ದೇವರು ಎಂದು ಹೆಸರಾಯಿತು! ಗೋದಾಮಿನ ಗೇಟಿಗೂ ಜನ ಹುಡುಕಿಕೊಂಡು ಬಂದರು. ಸುಮನ್ ಕೂಡ ಒಂದು ದಿನ ಬಗ್ಗಿ ಕಾಲು ಮುಟ್ಟಿ, "ತಪ್ಪಾತು ಅಯ್ಯಾ, ಗೊತ್ತಿರಲಿಲ್ಲ. ಸೇಠ್‌ಗ ಹೇಳೀನಿ, ನೀವು ಬೂಟ್ ಹಾಕಬ್ಯಾಡ್ರಿ," ಎಂದ. ಅದೃಷ್ಟ ಯಾವಾಗ ಬರಬೇಕೋ ಆಗ ಬರುವುದಿಲ್ಲ, ಬಂದಾಗ ಮುಖದ ಮೇಲೆ ಉಗಿದು ಹೋಗುತ್ತದೆ. ಬಂಡೆಪ್ಪ ಅವತ್ತಿನಿಂದ ಗೋದಾಮಿನ ಸುಡುವ ಕಾಂಕ್ರೀಟಿನ ಮೇಲೆ ಬರಿಗಾಲಲ್ಲೇ ನಿಂತ. ಸೋಮವಾರ ಉಪವಾಸ ಹಿಡಿದ. ಒಬ್ಬನೇ ಇದ್ದಾಗ, ಎಪ್ಪಾ ತಪ್ಪಾಯಿತು, ಕಾಯಲಿಲ್ಲ, ಹೆದರಿದೆ ಎಂದು ನೆಲಕ್ಕೆ ಹಣೆ ಹಚ್ಚಿದ. ಅಂಗಾಲು ಮತ್ತೆ ಗಡಸಾಯಿತು, ಬಿರುಕು ಬಿಟ್ಟಿತು. ಬೀರಪ್ಪ ಬರಲಿಲ್ಲ.

ಮೂರು ಅಮಾವಾಸ್ಯೆ ಅವನು ಡೊಳ್ಳಿನ ಮುಂದೆ ನಿಂತು, ಕಾದು, ಸಾಕಾಗಿ, ತಾನೇ ನಡುಗಿ, ತಾನೇ ನುಡಿದ. ಗಂಡು ಮಗುವಾಗುತ್ತದೆಯೇ, ಕಳೆದ ಎಮ್ಮೆ ಸಿಗುತ್ತದೆಯೇ, ದುಬೈಗೆ ಹೋದವನು ಹಣ ಕಳಿಸುತ್ತಾನೆಯೇ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಒಂದು ಹೇಳುತ್ತಿದ್ದ. ಜನ ಕೃತಾರ್ಥರಾಗಿ ಹೋಗುತ್ತಿದ್ದರು. ನಾನು ವಂಚಕ, ಕಲ್ಲು ಹೊಡೆಯಿರಿ ಎಂದು ಕೂಗಬೇಕೆನ್ನಿಸುತ್ತಿತ್ತು, ಕೈ ಮುಂದಿನವರ ಹಣೆಗೆ ಭಂಡಾರ ಹಚ್ಚುತ್ತಿತ್ತು. ಬೆತ್ತ ಉಳಿಸಿಕೊಂಡಿದ್ದ, ನೌಕರಿ ಉಳಿಸಿಕೊಂಡಿದ್ದ. ಎರಡೂ ಈಗ ಒಂದೇ ಥರದ ಕೆಲಸವಾಗಿದ್ದವು. ಒಳಗೆ ಏನಿದೆಯೆಂದು ನೋಡದೆ ಬಾಗಿಲು ಕಾಯುವುದು.

ನಾಗರ ಅಮಾವಾಸ್ಯೆಯ ದಿನ ಮಳೆ ಹನಿಯುತ್ತಿತ್ತು, ಜನ ಬೇಗ ಕೇಳಿ ಬೇಗ ಹೋದರು. ಡೊಳ್ಳಿನವರೂ ಮಳೆಗೆ ಹೆದರಿ ಡೊಳ್ಳು ಒಳಗೆ ಒಯ್ದರು. ಬಂಡೆಪ್ಪ ಇನ್ನು ಬೀಳಬಹುದು ಎಂದುಕೊಳ್ಳುವಷ್ಟರಲ್ಲಿ ಯಾರೋ ಬಂದು ಕಾಲ ಹತ್ತಿರ ಕೂತರು. ಅರೆಗಣ್ಣಿನಲ್ಲಿ ನೋಡಿದರೆ ಮಾಳಮ್ಮ. ಇಪ್ಪತ್ತಾರು ವರ್ಷದಲ್ಲಿ ಅವಳು ತನಗೆಂದು ದೇವರನ್ನು ಒಂದೇ ಒಂದು ಸಲವೂ ಕೇಳಿರಲಿಲ್ಲ.

"ಎಪ್ಪಾ," ಅವಳು ಅವನ ಪಾದ ಹಿಡಿದು ಮೆಲ್ಲಗೆ ಹೇಳಿದಳು, "ಹೋದ ಅಮಾಸಿಗೇ ಕೇಳಬೇಕಂತ ಬಂದಿದ್ದೆ, ಮಂದಿ ಭಾಳ ಇದ್ರು. ಎಡಗಡಿ ಎದಿಯಾಗ ಗಂಟು ಆಗ್ಯಾದ. ಬ್ಯಾಸಗ್ಯಾಗ ಕಡ್ಲಿಕಾಳಿನಷ್ಟು ಇತ್ತು, ಈಗ ದೊಡ್ಡದಾಗ್ಯಾದ. ಮಗಳಿಗಿ ಅಷ್ಟೇ ಹೇಳೀನಿ. ಅಕಿ ತಾಂಡೂರ ದವಾಖಾನಿಗಿ ಹೋಗಾಮ್ ಅಂತಾಳ. ನನಗ ಅಂಜಿಕಿ ಬರ್ತದ. ಮನಿಯಾವಗ ಹೇಳಿಲ್ಲ, ಮೊದಲೇ ಪರೇಶಾನ್ ಅದಾನ. ನೀ ಹೇಳು ಎಪ್ಪಾ. ಹೋಗ್ಲೇನು? ನಾ ಉಳೀತೀನೇನು?"

ಬಂಡೆಪ್ಪ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಬಾ ಎಂದು ಒಳಗೊಳಗೇ ಕೂಗಿದ. ನನಗಲ್ಲ, ನನಗೆ ಬೇಡ, ಇವಳಿಗೆ ಬಾ, ಇದೊಂದು ಮಾತು ನೀನು ಹೇಳಿ ಹೋಗು, ಆಮೇಲೆ ನನ್ನ ಕಾಲು ಕೊಳೆತು ಹೋಗಲಿ. ಅಂಗಾಲಿನ ಕೆಳಗೆ ಮಳೆಯ ನೀರು ಹರಿಯುತ್ತಿತ್ತು, ಅಷ್ಟೇ. ಮಾಳಮ್ಮ ಪಾದ ಬಿಡದೆ ಕಾಯುತ್ತಿದ್ದಳು.

"ಹೋಗು," ಎಂದ. ದನಿ ದಪ್ಪ ಮಾಡಲಿಕ್ಕೂ ಆಗಲಿಲ್ಲ. "ನಾಳೆನೇ ಹೋಗು. ಉಳೀತಿ."

ಅವಳು ಅವನ ಎರಡೂ ಪಾದಗಳಿಗೆ ಹಣೆ ಒತ್ತಿ, ಕಣ್ಣು ಒರೆಸಿಕೊಂಡು ಎದ್ದಳು. ಅವಳ ಮುಖ ಅಷ್ಟು ಹಗುರವಾದದ್ದನ್ನು ಅವನು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ.

ಸಂಜೆ ಅವಳು ರೊಟ್ಟಿ ಬಡಿಯುತ್ತ ಎಂದಿನಂತೆ ಹೇಳತೊಡಗಿದಳು. ಯಾರು ಬಂದಿದ್ದರು, ಏನು ಕೇಳಿದರು, ಬೀರಪ್ಪ ಏನು ಹೇಳಿದ. ಒಂದೊಂದನ್ನೂ ಹೇಳಿದಳು, ತನ್ನದೊಂದನ್ನು ಬಿಟ್ಟು.

"ನೀ ಏನರ ಕೇಳ್ದಿಯೇನು?" ಬಂಡೆಪ್ಪ ತಾಟು ನೋಡುತ್ತ ಕೇಳಿದ.

"ನಂದೇನದ ಕೇಳೋದು? ಉಣ್ರಿ." ರೊಟ್ಟಿ ತಿರುವಿ ಹಾಕಿದಳು. "ನಾಳಿ ಕೊಡಂಗಲಕ್ಕ ಹೋಗಿ ಮಗಳಿಗಿ ನೋಡಿ ಬರ್ತೀನಿ. ಎರಡು ದಿನ ಆಗ್ತದ. ನೀವು ಡ್ಯೂಟಿಗಿ ಹೋಗ್ರಿ."

ಅವಳು ನಗುತ್ತಿದ್ದಳು. ನಾಳೆ ತಾಂಡೂರಿನ ಯಾವುದೋ ದವಾಖಾನೆಯ ಸಾಲಿನಲ್ಲಿ, ಉಳೀತಿ ಎಂದ ದೇವರ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಇವಳು ನಿಂತಿರುತ್ತಾಳೆ, ನಾನು ಗೇಟಿನಲ್ಲಿ ಸ್ಟೂಲಿನ ಮೇಲೆ ಕೂತಿರುತ್ತೇನೆ ಎಂದು ಬಂಡೆಪ್ಪನಿಗೆ ಕಣ್ಣಿಗೆ ಕಟ್ಟಿತು. ತಡೆದುಕೊಳ್ಳಲು ಆಗಲಿಲ್ಲ.

"ಡ್ಯೂಟಿ ಹಾಳಾಗ್ಲಿ. ತಾಂಡೂರಿಗಿ ನಾನೂ ಬರ್ತೀನಿ."

ಮಾಳಮ್ಮನ ಕೈ ಹಿಟ್ಟಿನ ಮೇಲೆ ನಿಂತಿತು.

"ನಾ ಕೊಡಂಗಲ ಅಂದೆ," ಎಂದಳು. "ತಾಂಡೂರ ಅಂತ ನಿಮಗ ಯಾರಂದ್ರು?"

ಬಂಡೆಪ್ಪ ತಾಟನ್ನು ಪಕ್ಕಕ್ಕೆ ಸರಿಸಿದ. ಅವಳು ಅವನ ಮುಖವನ್ನೇ ನೋಡುತ್ತ ಕೂತಳು. ಆ ಮುಖದಲ್ಲಿ ಅವಳು ಏನು ಓದಿದಳೋ, ಎಷ್ಟು ಹಿಂದಿನವರೆಗೆ ಓದಿದಳೋ. ಆಮೇಲೆ ಕೇಳಿದಳು:

"ಹಂಗಾದ್ರ ಉಳೀತಿ ಅಂದಾವ ಯಾರು?"

"ನಾನೇ," ಎಂದ ಬಂಡೆಪ್ಪ.

ಮಾಳಮ್ಮ ಹಿಟ್ಟು ಮೆತ್ತಿದ ಕೈಯಿಂದಲೇ ಸೆರಗನ್ನು ಎಳೆದು ಎದೆಯ ಮೇಲೆ ಬಿಗಿಯಾಗಿ ಹೊದ್ದುಕೊಂಡಳು, ಗುರುತಿಲ್ಲದ ಗಂಡಸು ಮನೆಯೊಳಗೆ ಬಂದು ಕೂತ ಹಾಗೆ.